ಐಎಸ್‌ಐ ಗುರುತಿಲ್ಲದ ಕಾಫಿ ಮರದ ಆನೆ

ಓದುಗರ ಪತ್ರ: ನಾವು ಸೋಮವಾರಪೇಟೆ ಕಡೆಯ ಐದು ಜನ ಹೆಂಗಸರು. ತೋಟದಲ್ಲಿ ಕಿತ್ತು ಹಾಕಿದ ಹಳೇ ಕಾಫಿ ಗಿಡದ ಕಾಂಡದಿಂದ ಚಕ್ರದ ಆನೆ, ಗಿಲಕಿ, ಬುಗುರಿ ಮಾಡುತ್ತೇವೆ. ಮಡಿಕೇರಿಯ ಒಂದು ಅಂಗಡಿಯಲ್ಲಿ, ಕೆಲವು ಹೋಮ್‌ಸ್ಟೇಗಳಲ್ಲಿ ಮಾರಾಟ. ಈಗ ಅಂಗಡಿಯವರು ಐಎಸ್‌ಐ ಗುರುತು ಇಲ್ಲದ ಆಟಿಕೆ ಇಡುವುದಿಲ್ಲ ಅನ್ನುತ್ತಿದ್ದಾರೆ. ‘ಶೋಪೀಸ್ ಅಂತ ಚೀಟಿ ಅಂಟಿಸಿ ಕೊಡಿ, ತೊಂದರೆ ಬರಲ್ಲ’ ಅಂತಲೂ ಹೇಳಿದರು. ದೊಡ್ಡ ಪ್ಲಾಸ್ಟಿಕ್ ಕಂಪನಿಗೂ ನಮಗೂ ಒಂದೇ ನಿಯಮ ಯಾಕೆ? ಕೈಯಲ್ಲಿ ಮಾಡುವವರನ್ನು ಮುಗಿಸಲಿಕ್ಕೇ ಈ ಕಾನೂನಾ?

ಸಂಪಾದಕರ ಉತ್ತರ: ಮೊದಲು ಆ ಶೋಪೀಸ್ ಚೀಟಿ ವಿಷಯ. ದಯವಿಟ್ಟು ಅಂಟಿಸಬೇಡಿ. ಕೇಂದ್ರ ಸರ್ಕಾರದ 2020ರ ಆಟಿಕೆ ಗುಣಮಟ್ಟ ನಿಯಂತ್ರಣ ಆದೇಶದ ಪ್ರಕಾರ, 14 ವರ್ಷದೊಳಗಿನ ಮಕ್ಕಳು ಆಡಲಿ ಅಂತ ಮಾಡಿದ್ದು, ಅಥವಾ ನೋಡಿದ ಕೂಡಲೇ ಆಡುವುದಕ್ಕೇ ಅಂತ ಗೊತ್ತಾಗುವುದು ಆಟಿಕೆ. ಗೋಡೆಗೆ ಹಾಕುವ ಪುಟ್ಟ ಪೀಚೆಕತ್ತಿ ಶೋಪೀಸ್. ಕಾಫಿ ಬೇರಿನ ದೀಪದ ಕಂಬ ಶೋಪೀಸ್. ನಾಲ್ಕು ಚಕ್ರ, ಎಳೆಯಲಿಕ್ಕೆ ಒಂದು ಹಗ್ಗ ಇರುವ ಆನೆ ಮಾತ್ರ ಆಟಿಕೆಯೇ, ಹೊಟ್ಟೆ ಮೇಲೆ ಯಾವ ಚೀಟಿ ಇದ್ದರೂ ಅಷ್ಟೇ. ಅಧಿಕಾರಿ ಒಪ್ಪುವುದಿಲ್ಲ ಅನ್ನುವುದು ಆಮೇಲಿನ ಮಾತು. ಶೋಪೀಸ್ ಅಂತ ಬರೆದುಬಿಟ್ಟರೆ ಅದನ್ನು ಕೊಳ್ಳುವ ತಾಯಿಗೆ ನೀವು ಹೇಳಲೇಬೇಕಾದದ್ದು, ಇದು ಎಷ್ಟು ವಯಸ್ಸಿನ ಮಗುವಿಗೆ, ಯಾವ ಬಣ್ಣ ಹಚ್ಚಿದೆ ಅನ್ನುವುದು, ಹೇಳುವ ದಾರಿಯೇ ಮುಚ್ಚಿಹೋಗುತ್ತದೆ. ನನಗೆ ಅದೇ ಜಾಸ್ತಿ ಚಿಂತೆ.

ಇನ್ನು ಅಂಗಡಿಯವರ ಭಯ. ಅದು ಸುಳ್ಳು ಭಯ ಅಲ್ಲ. ಆ ಆದೇಶ 2021ರ ಜನವರಿ 1ರಿಂದ ಜಾರಿಯಲ್ಲಿದೆ. ಗುರುತು ಬೇಕಾದ ವಸ್ತುವನ್ನು ಗುರುತಿಲ್ಲದೆ ಮಾಡಿದವರಷ್ಟೇ ಅಲ್ಲ, ಮಾರಿದವರೂ ಸಿಕ್ಕಿಬೀಳುತ್ತಾರೆ. ಐಎಸ್‌ಐ ಗುರುತು ಕೊಡುವ ಸಂಸ್ಥೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ). 2016ರ ಬಿಐಎಸ್ ಕಾಯ್ದೆ ಬರೆದಿರುವ ಹಾಗೆ ಮೊದಲ ಸಲವೇ ಎರಡು ವರ್ಷದವರೆಗೆ ಜೈಲು, ಇಲ್ಲವೇ ಕನಿಷ್ಠ 2 ಲಕ್ಷ ರೂಪಾಯಿ ದಂಡ. ಬರೀ ಸೀಸನ್‌ನಲ್ಲಿ ವ್ಯಾಪಾರ ಮಾಡುವ ಸಣ್ಣ ಅಂಗಡಿಯವರು ಇದನ್ನು ಕೇಳಿ ಹಿಂದೆ ಸರಿದರೆ ಅವರನ್ನು ಬೈಯುವುದು ಸರಿಯಲ್ಲ.

ಆದರೆ ನಿಮಗೆ ಯಾರೂ ಹೇಳದ ಒಂದು ವಿಷಯ ಇದೆ. ಅದೇ ಆದೇಶಕ್ಕೆ 2020ರ ಡಿಸೆಂಬರ್‌ನಲ್ಲಿ ತಿದ್ದುಪಡಿ ಬಂತು. ಕೇಂದ್ರ ಜವಳಿ ಸಚಿವಾಲಯದ ಕೆಳಗಿರುವ ಅಭಿವೃದ್ಧಿ ಆಯುಕ್ತರು (ಕರಕುಶಲ) ಕಚೇರಿಯಲ್ಲಿ ಹೆಸರು ನೋಂದಾಯಿಸಿದ ಕುಶಲಕರ್ಮಿಗಳು ತಾವೇ ಮಾಡಿ ಮಾರುವ ಆಟಿಕೆಗೆ ಐಎಸ್‌ಐ ಗುರುತು ಬೇಡ. ಜಿಐ (ಒಂದು ಊರಿನ ವಿಶೇಷ ವಸ್ತುವಿಗೆ ಕೊಡುವ ಭೌಗೋಳಿಕ ಗುರುತು) ನೋಂದಣಿ ಇರುವ ಆಟಿಕೆಗೂ ಬೇಡ, ಆದರೆ ಆ ಜಿಐನ ಅಧಿಕೃತ ಬಳಕೆದಾರರು ಮಾರಿದರೆ ಮಾತ್ರ. ಚನ್ನಪಟ್ಟಣದವರಿಗೆ ಆ ಎರಡನೇ ಬಾಗಿಲು ಇದೆ. ನಮ್ಮ ಜಿಲ್ಲೆಯಲ್ಲಿ ಕಿತ್ತಳೆಗೆ, ಏಲಕ್ಕಿಗೆ, ಅರೇಬಿಕಾ ಕಾಫಿಗೆ ಜಿಐ ಉಂಟು, ಕಾಫಿ ಮರದ ಆನೆಗೆ ಇಲ್ಲ. ಹಾಗಾಗಿ ನಿಮಗೆ ಇರುವುದು ಮೊದಲನೇ ಬಾಗಿಲು. ಆ ನೋಂದಣಿಯ ಗುರುತಿನ ಚೀಟಿಗೆ ‘ಪೆಹಚಾನ್’ ಕಾರ್ಡ್ ಅನ್ನುತ್ತಾರೆ. ನಮಗೆ ಹತ್ತಿರದ ಕರಕುಶಲ ಸೇವಾ ಕೇಂದ್ರ ಮೈಸೂರಿನಲ್ಲಿದೆ.

ಈ ವಿನಾಯಿತಿಯಲ್ಲಿ ಒಂದು ದೊಡ್ಡ ಸಂದು ಉಳಿದುಹೋಗಿದೆ. ನೀವೇ ಮಾಡಿ ನೀವೇ ಮಾರಿದರೆ ಸರಿ. ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ ಕೂತು ಮಾರಿದರೆ ಯಾರೂ ತಕರಾರು ಮಾಡುವ ಹಾಗಿಲ್ಲ. ಅದೇ ಆನೆ ಅಂಗಡಿಯವರ ಶೆಲ್ಫಿಗೆ ಹೋಗಿ ಅವರ ಬಿಲ್ಲಿನಲ್ಲಿ ಮಾರಾಟವಾದರೆ, ಮಾರಿದವರು ಕುಶಲಕರ್ಮಿಯಲ್ಲ ಅಂತ ಅಧಿಕಾರಿ ಹಿಡಿಯಬಹುದು. ಕೊಡಗಿನಂಥ ಕಡೆ ಇದು ತುಂಬಾ ಕಷ್ಟದ ಷರತ್ತು. ಇಲ್ಲಿ ಗಿರಾಕಿ ಅಂದರೆ ರಾಜಾಸೀಟು, ದುಬಾರೆ, ನಿಸರ್ಗಧಾಮ ನೋಡಲಿಕ್ಕೆ ಎರಡು ದಿನಕ್ಕೆ ಬಂದು ಹೋಗುವವರು. ಅವರು ನಿಮ್ಮ ಊರಿನ ಒಳದಾರಿ ಹುಡುಕಿಕೊಂಡು ಬರುವುದಿಲ್ಲ. ಅಂಗಡಿ, ಹೋಮ್‌ಸ್ಟೇ ಇಲ್ಲದಿದ್ದರೆ ವ್ಯಾಪಾರವೇ ಇಲ್ಲ. ಸದ್ಯಕ್ಕೆ ಒಂದು ದಾರಿ ಅಂದರೆ ಅಂಗಡಿಯವರಿಗೆ ಮಾಲು ಮಾರದೆ, ಅವರ ಜಾಗದಲ್ಲಿ ನಿಮ್ಮ ಹೆಸರಿನ ಸಣ್ಣ ಕೌಂಟರ್ ಇಟ್ಟು, ಬಿಲ್ಲು ನಿಮ್ಮ ಹೆಸರಲ್ಲೇ ಬರೆದು, ಅವರಿಗೆ ಬಾಡಿಗೆ ಕೊಡುವುದು. ಕಾರ್ಡಿನ ನಕಲು ಕೌಂಟರಿನಲ್ಲಿ ಕಾಣುವ ಹಾಗೆ ಇರಲಿ.

ಈಗ ನಿಮ್ಮ ಕೋಪದ ಪ್ರಶ್ನೆಗೆ ಬರುತ್ತೇನೆ. ಈ ಥರದ ಕಾನೂನು ಯಾಕೆ ಬಂತು ಅನ್ನುವುದಕ್ಕೆ ಅಮೆರಿಕದ ಕಥೆ ಗೊತ್ತಿರಬೇಕು. 2006ರಲ್ಲಿ ಮಿನಿಯಾಪೊಲಿಸ್‌ನಲ್ಲಿ ನಾಲ್ಕು ವರ್ಷದ ಒಬ್ಬ ಹುಡುಗ, ಶೂ ಜೊತೆ ಪುಕ್ಕಟೆ ಬಂದ ಬ್ರೇಸ್‌ಲೆಟ್‌ನ ಒಂದು ಪುಟ್ಟ ಹೃದಯದ ಆಕಾರದ ತುಂಡು ನುಂಗಿ ಸತ್ತುಹೋದ. ಆ ತುಂಡು ಹೆಚ್ಚುಕಡಿಮೆ ಪೂರ್ತಿ ಸೀಸ. ಮರುವರ್ಷ ಸೀಸದ ಬಣ್ಣ ಬಳಿದ ಲಕ್ಷಾಂತರ ಆಟಿಕೆಗಳನ್ನು ಕಂಪನಿಗಳು ವಾಪಸ್ ಕರೆಸಿಕೊಂಡವು. 2008ರಲ್ಲಿ ಅಲ್ಲಿ ಬಿಗಿ ಕಾನೂನು ಬಂತು. ಮಕ್ಕಳ ಎಲ್ಲಾ ವಸ್ತುವನ್ನೂ ಹೊರಗಿನ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಬೇಕು ಅಂತಾಯಿತು. ಮನೆಯಲ್ಲಿ ಮರದ ಗೊಂಬೆ ಕೆತ್ತುವವರು, ಹೆಣೆದ ಟೋಪಿ ಮಾರುವವರು ಕಂಗಾಲಾದರು. ತಪ್ಪು ಮಾಡಿದ್ದು ದೊಡ್ಡ ಕಾರ್ಖಾನೆಗಳು, ಬಿಲ್ಲು ಬಂದದ್ದು ಇವರ ಮನೆಗೆ.

ಬಿಲ್ಲು ಯಾಕೆ ಸಣ್ಣವರಿಗೇ ಜಾಸ್ತಿ ಬೀಳುತ್ತದೆ ಅಂದರೆ, ಪರೀಕ್ಷೆಯ ಖರ್ಚು ಬೀಳುವುದು ಮಾದರಿಗೆ, ಮಾರಿದ ಸಂಖ್ಯೆಗೆ ಅಲ್ಲ. ಕಾರ್ಖಾನೆ ಒಂದು ಮಾದರಿಗೆ ಒಂದು ಸಲ ಹಣ ಕಟ್ಟಿ ಲಕ್ಷ ಆಟಿಕೆ ತೆಗೆಯುತ್ತದೆ, ಒಂದೊಂದರ ಮೇಲೆ ಕೆಲವು ಪೈಸೆ ಬೀಳಬಹುದು. ನೀವು ಆನೆ ಹತ್ತು ಮಾಡುತ್ತೀರಿ, ಗಿಲಕಿ ಇಪ್ಪತ್ತು ಮಾಡುತ್ತೀರಿ, ಮುಂದಿನ ತಿಂಗಳು ಯಾರೋ ಕೇಳಿದರು ಅಂತ ಒಂದು ಜೀಪು ಮಾಡುತ್ತೀರಿ. ಕೈಕೆಲಸದ ಚೆಂದ ಇರುವುದೇ ಆ ಬದಲಾವಣೆಯಲ್ಲಿ. ನಿಯಮ ಏಟು ಹಾಕುವುದೂ ಸರಿಯಾಗಿ ಅಲ್ಲಿಗೇ. ಇದಕ್ಕೆ ಪ್ರಯೋಗಾಲಯದ ದೂರವನ್ನೂ ಸೇರಿಸಿಕೊಳ್ಳಿ. ಬಿಐಎಸ್ ಶಾಖಾ ಕಚೇರಿ ಬೆಂಗಳೂರಿನ ಪೀಣ್ಯದಲ್ಲಿದೆ, ನಮ್ಮ ಜಿಲ್ಲೆಗೆ ರೈಲೇ ಇಲ್ಲ.

ಹಾಗಾಗಿ ಒಂದೇ ನಿಯಮ ಯಾಕೆ ಅನ್ನುವ ನಿಮ್ಮ ಪ್ರಶ್ನೆ ನ್ಯಾಯವಾದದ್ದು. ಆದರೆ ಕೈಯಲ್ಲಿ ಮಾಡಿದ್ದು, ಆದ್ದರಿಂದ ಸುರಕ್ಷಿತ ಅನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಅಮೆರಿಕದ ಸಣ್ಣವರು ಸುಮ್ನೆ ಕೂರಲಿಲ್ಲ. ಹ್ಯಾಂಡ್‌ಮೇಡ್ ಟಾಯ್ ಅಲಯನ್ಸ್ ಅಂತ ಸಂಘ ಕಟ್ಟಿ ದನಿ ಎತ್ತಿದರು. ಏನೂ ಬಳಿಯದ ಬರೀ ಮರಕ್ಕೆ ಸೀಸದ ಪರೀಕ್ಷೆ ಬೇಡ ಅಂತ 2009ರಲ್ಲಿ ಅಲ್ಲಿನ ಸುರಕ್ಷತಾ ಆಯೋಗ ಹೇಳಿತು. 2011ರಲ್ಲಿ ಕಾನೂನಿಗೇ ತಿದ್ದುಪಡಿ ಬಂತು. ವರ್ಷದ ಆದಾಯ 10 ಲಕ್ಷ ಡಾಲರ್ ದಾಟದ, ಒಂದೇ ವಸ್ತುವನ್ನು 7,500ಕ್ಕಿಂತ ಹೆಚ್ಚು ಮಾಡದ ತಯಾರಕರಿಗೆ ಹಲವು ಪರೀಕ್ಷೆಗಳಲ್ಲಿ ವಿನಾಯಿತಿ ಸಿಕ್ಕಿತು. ಆದರೆ ಗಮನಿಸಿ, ಬಣ್ಣದಲ್ಲಿ ಸೀಸ ಮತ್ತು ಗಂಟಲಲ್ಲಿ ಸಿಕ್ಕಿಕೊಳ್ಳುವ ಸಣ್ಣ ತುಂಡು, ಈ ಎರಡರ ಪರೀಕ್ಷೆಯಲ್ಲಿ ಅವರಿಗೂ ರಿಯಾಯಿತಿ ಕೊಡಲಿಲ್ಲ. ಕೊಡದೇ ಇದ್ದದ್ದೇ ಸರಿ ಅಂತ ನನ್ನ ಅಭಿಪ್ರಾಯ.

ಯಾಕೆ ಅಂತ ನಿಮ್ಮ ಗಿಲಕಿಯನ್ನೇ ತೆಗೆದುಕೊಂಡು ನೋಡೋಣ. ಒಳಗೆ ಸದ್ದು ಬರಲಿ ಅಂತ ಕಾಫಿ ಬೀಜ ಹಾಕುತ್ತೀರಿ ಅಂದುಕೊಳ್ಳಿ. ಕೇಳಲು ಎಷ್ಟು ಚೆಂದ! ಆದರೆ ಮಗು ಅದನ್ನು ನೆಲಕ್ಕೆ ಬಡಿಯುತ್ತದೆ. ಮಳೆಗಾಲದಲ್ಲಿ ಉಬ್ಬಿದ ಮರ ಬೇಸಿಗೆಯಲ್ಲಿ ಕುಗ್ಗುತ್ತದೆ, ಅಂಟು ಬಿಡುತ್ತದೆ, ಮುಚ್ಚಳ ಕಳಚುತ್ತದೆ, ಬೀಜ ನೇರ ಬಾಯಿಗೆ. ಲ್ಯಾಬಿನವರು ಮಾಡುವುದೂ ಇದನ್ನೇ. ಎತ್ತರದಿಂದ ಬೀಳಿಸುತ್ತಾರೆ, ಎಳೆಯುತ್ತಾರೆ, ತಿರುಚುತ್ತಾರೆ. ಆಮೇಲೆ ಕಳಚಿ ಬಂದ ತುಂಡನ್ನು ಒಂದು ಅಳತೆ ಕೊಳವೆಗೆ ಹಾಕುತ್ತಾರೆ. ಅದರ ಅಗಲ 31.7 ಮಿಲಿಮೀಟರ್, ಅಂದರೆ ಒಂದೂಕಾಲು ಇಂಚು. ತಳ ಓರೆ, ಆಳ ಒಂದು ಕಡೆ 25.4, ಇನ್ನೊಂದು ಕಡೆ 57.1 ಮಿಲಿಮೀಟರ್. ಒತ್ತದೆ ಹಾಗೇ ಬಿಟ್ಟಾಗ ತುಂಡು ಅದರೊಳಗೆ ಪೂರ್ತಿ ಇಳಿದರೆ ಮೂರು ವರ್ಷದೊಳಗಿನ ಮಗುವಿಗೆ ಆ ಆಟಿಕೆ ಕೊಡುವ ಹಾಗಿಲ್ಲ. ಒಂದು ಮರದ ತುಂಡಿಗೆ ಒಂದೂಕಾಲು ಇಂಚಿನ ಬಿಟ್ಟಿನಿಂದ ತೂತು ಕೊರೆದು, ತಳವನ್ನು ಓರೆಯಾಗಿ ಕೊಯ್ದು ಹಲಗೆ ಬಡಿದರೆ ಈ ಅಳತೆ ನಿಮ್ಮ ಕೊಟ್ಟಿಗೆಯಲ್ಲೇ ತಯಾರು. ಸರ್ಟಿಫಿಕೇಟ್ ಸಿಗುವುದಿಲ್ಲ, ಆದರೆ ಯಾವುದನ್ನು ಮಾರಬಾರದು ಅಂತ ಗೊತ್ತಾಗುತ್ತದೆ. ಆನೆಯ ಚಕ್ರವನ್ನೂ ಒಂದು ಕೈ ನೋಡಿ.

ಮರದ ಬಗ್ಗೆ ನಮ್ಮ ಜಿಲ್ಲೆಗೇ ಸೇರಿದ ಒಂದು ಎಚ್ಚರಿಕೆ ಇದೆ. ಕಾಫಿ ಗಿಡ ಕೀಳುವುದು ಸಾಮಾನ್ಯವಾಗಿ ಬಿಳಿ ಕಾಂಡ ಕೊರಕ ಬಿದ್ದಾಗ. ಆ ಹುಳಕ್ಕೆ ಔಷಧಿ ಬೀಳುವುದೇ ಕಾಂಡದ ಮೇಲೆ. ಎಲೆ ತುಕ್ಕಿಗೆ ಅಂತ ವರ್ಷ ವರ್ಷ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ಹೊಡೆದಿರುತ್ತಾರೆ, ಅದೂ ತೊಗಟೆ ಮೇಲೆ ಇಳಿದಿರುತ್ತದೆ. ತೊಗಟೆ ಸಹಿತ ಇಟ್ಟರೆ ಹಳ್ಳಿ ಸೊಗಡು ಕಾಣುತ್ತದೆ ಅಂತ ಕೆಲವರು ಹಾಗೇ ಬಿಡುತ್ತಾರೆ. ಮಗುವಿನ ವಸ್ತುವಿಗೆ ಅದು ಖಂಡಿತ ಬೇಡ. ತೊಗಟೆ ಪೂರ್ತಿ ಸುಲಿದು ಒಳಮರ ಮಾತ್ರ ಬಳಸಿ, ಹುಳು ಕೊರೆದ ಭಾಗ ಒಲೆಗೆ ಹಾಕಿ. ಯಾವ ತೋಟದ ಮರ, ಯಾವ ತಿಂಗಳು ತಂದದ್ದು, ಔಷಧಿ ಏನು ಹೊಡೆದಿದ್ದರು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಬಣ್ಣಕ್ಕೆ ಬಂದರೆ, ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮೀರಬಾರದು ಅಂತ 2017ರ ನವೆಂಬರ್‌ನಿಂದ ನಮ್ಮ ದೇಶದಲ್ಲಿ ನಿಯಮ ಇದೆ. ಅದಕ್ಕಿಂತ ಹಳೇ ಡಬ್ಬ, ಗ್ಯಾರೇಜಿನಲ್ಲಿ ಮಿಕ್ಕ ಗಾಡಿ ಬಣ್ಣ ಮುಟ್ಟಲೇಬೇಡಿ. ಹೊಸ ಡಬ್ಬದ ಬಿಲ್ಲು ಇಟ್ಟುಕೊಳ್ಳಿ. ಬಣ್ಣವೇ ಇಲ್ಲದೆ ಜೇನುಮೇಣ ತಿಕ್ಕಿದರೆ ಇನ್ನೂ ಒಳ್ಳೆಯದು, ಮೇಣ ನಮ್ಮಲ್ಲೇ ಸಿಗುತ್ತದಲ್ವಾ.

ಇಷ್ಟೆಲ್ಲಾ ಯಾಕೆ ಅಂದರೆ ಐಎಸ್‌ಐ ಗುರುತಿನಿಂದ ವಿನಾಯಿತಿ ಸಿಕ್ಕರೂ ಹೊಣೆಯಿಂದ ಸಿಗುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ದೋಷ ಇರುವ ವಸ್ತುವಿನಿಂದ ಯಾರಿಗಾದರೂ ಹಾನಿಯಾದರೆ, ಕೊಡಬೇಕಾದ ಎಚ್ಚರಿಕೆ ಕೊಡದೇ ಇದ್ದರೂ ಸಹ, ತಯಾರಿಸಿದವರು ಪರಿಹಾರ ಕೊಡಬೇಕಾಗುತ್ತದೆ. ಆಗ ನಿಮ್ಮ ಪರವಾಗಿ ಮಾತಾಡುವುದು ಆ ನೋಟ್‌ಬುಕ್ಕೇ.

ಸರ್ಕಾರದಿಂದ ಕೇಳಬೇಕಾದದ್ದನ್ನೂ ಗಟ್ಟಿಯಾಗಿಯೇ ಕೇಳೋಣ. ಕುಶಲಕರ್ಮಿ ಮಾಡಿದ ಆಟಿಕೆಗೆ ಕೊಟ್ಟ ವಿನಾಯಿತಿ ಅದು ಅಂಗಡಿಗೆ ಹೋದರೂ ಅದರ ಜೊತೆಗೇ ಹೋಗಬೇಕು. ಒಂದು ಡಬ್ಬ ಬಣ್ಣ ಒಮ್ಮೆ ಪರೀಕ್ಷೆಯಾದರೆ ಅದೇ ಬಣ್ಣ ಹಚ್ಚಿದ ಎಲ್ಲಾ ಮಾದರಿಗೂ ಅದು ಸಾಕಾಗಬೇಕು. ಊಟ ತಿಂಡಿ ಮಾಡಿ ಮಾರುವವರಿಗೆ 2011ರ ಆಹಾರ ನಿಯಮದಲ್ಲಿ, 12 ಲಕ್ಷ ವಹಿವಾಟಿನ ಒಳಗಿದ್ದರೆ ವರ್ಷಕ್ಕೆ 100 ರೂಪಾಯಿಯ ಸರಳ ನೋಂದಣಿ ಅಂತ ಇಟ್ಟರು. ತಿನ್ನುವ ವಸ್ತುವಿಗೇ ದೊಡ್ಡವರು, ಸಣ್ಣವರು ಅಂತ ಮೆಟ್ಟಿಲು ಮಾಡಬಹುದಾದರೆ ಆಟಿಕೆಗೆ ಯಾಕೆ ಆಗುವುದಿಲ್ಲ?

ಮನವಿ ಬರೆದರೆ ನಮಗೂ ಒಂದು ಪ್ರತಿ ಕಳಿಸಿ, ಪೂರ್ತಿ ಅಚ್ಚು ಹಾಕುತ್ತೇವೆ. ಆದರೆ ಮೊದಲು ಕಾರ್ಡಿನ ಅರ್ಜಿ ಹಾಕಿ. ನೋಂದಣಿ ಕೊಡುವುದು ಒಬ್ಬೊಬ್ಬ ಕುಶಲಕರ್ಮಿಗೆ, ಗುಂಪಿಗೆ ಅಲ್ಲ, ಹಾಗಾಗಿ ಐದೂ ಜನ ಬೇರೆ ಬೇರೆಯಾಗಿ ಹಾಕಬೇಕು. ಮೈಸೂರಿಗೆ ಹೋಗುವ ಮೊದಲು ನಮ್ಮ ಕಚೇರಿಗೆ ಬಂದರೆ ಅರ್ಜಿ ತುಂಬಲು ಜೊತೆಗೆ ಕೂರುತ್ತೇವೆ.