ಹೆಪಟೈಟಿಸ್ ಬಿ ಇದ್ದವರ ಸಿಬಿಸಿಯಲ್ಲಿ (ರಕ್ತಕಣಗಳ ಎಣಿಕೆ ಪರೀಕ್ಷೆ) ಎನ್‌ಎಲ್‌ಆರ್ ನೋಡಿ ಲಿವರ್ ಸ್ಥಿತಿ ಹೇಳಬಹುದೇ?

ಅದೊಂದರಿಂದಲೇ ಹೇಳಲಾಗದು. ನ್ಯೂಟ್ರೋಫಿಲ್, ಲಿಂಫೋಸೈಟ್ ಎರಡೂ ಬಿಳಿ ರಕ್ತಕಣಗಳು; ನ್ಯೂಟ್ರೋಫಿಲ್ ಸಂಖ್ಯೆಯನ್ನು ಲಿಂಫೋಸೈಟ್ ಸಂಖ್ಯೆಯಿಂದ ಭಾಗಿಸಿದರೆ ಎನ್‌ಎಲ್‌ಆರ್: 4,200 ಮತ್ತು 2,100 ಇದ್ದರೆ 2. ಇದು ಇಡೀ ದೇಹದ ಉರಿಯೂತದ ಸುಳಿವು. ಹಲ್ಲಿನ ಬುಡದಲ್ಲಿ ಕೀವಾದರೂ, ಸ್ಟಿರಾಯ್ಡ್ ಮಾತ್ರೆ ತೆಗೆದುಕೊಂಡರೂ ಏರುತ್ತದೆ. ಇನ್ನೊಂದು ತೊಡಕು: ಈ ಕಾಯಿಲೆಯಲ್ಲಿ ಲಿವರ್‌ನೊಳಗೆ ಸೇರುವುದು ಮುಖ್ಯವಾಗಿ ಲಿಂಫೋಸೈಟ್‌ಗಳು. ಹಾಗಾಗಿ ಒಳಗೆ ಉರಿಯೂತವಿದ್ದರೂ ರಕ್ತದ ಎನ್‌ಎಲ್‌ಆರ್ ಸಾಮಾನ್ಯವಾಗಿಯೇ ಇರಬಹುದು.

ಪ್ಲೇಟ್‌ಲೆಟ್-ಲಿಂಫೋಸೈಟ್ ಅನುಪಾತವಂತೂ ಸಿರೋಸಿಸ್‌ನಲ್ಲಿ (ಲಿವರ್ ಕಲೆಗಟ್ಟಿ ಗಟ್ಟಿಯಾಗುವ ಸ್ಥಿತಿ) ದಾರಿ ತಪ್ಪಿಸುತ್ತದೆ. ಲಿವರ್ ಗಟ್ಟಿಯಾದಂತೆ ಪೋರ್ಟಲ್ ರಕ್ತನಾಳದ ಒತ್ತಡ ಏರಿ ಗುಲ್ಮ ಊದುತ್ತದೆ, ಪ್ಲೇಟ್‌ಲೆಟ್‌ಗಳು ಅಲ್ಲೇ ಸಿಕ್ಕಿಕೊಳ್ಳುತ್ತವೆ. ಅನುಪಾತ ಇಳಿಯಿತೆಂದರೆ ಉರಿಯೂತ ಇಳಿಯಿತು ಎಂದಲ್ಲ, ಕಾಯಿಲೆ ಮುಂದುವರಿದಿರಲೂಬಹುದು.

ಅದಕ್ಕಿಂತ ಎಪಿಆರ್‌ಐ (ಎಎಸ್‌ಟಿ ಮತ್ತು ಪ್ಲೇಟ್‌ಲೆಟ್‌ನಿಂದ ಲಿವರ್ ಕಲೆ ಅಂದಾಜಿಸುವ ಅಂಕ) ಲೆಕ್ಕ ಹಾಕಿಸಿ. ಲಿವರ್ ಪರೀಕ್ಷೆಯಲ್ಲಿ ಅಳೆಯುವ ಎಎಸ್‌ಟಿ ಕಿಣ್ವವನ್ನು ಲ್ಯಾಬಿನ ಗರಿಷ್ಠ ಸಾಮಾನ್ಯ ಮಿತಿಯಿಂದ ಭಾಗಿಸಿ, 100ರಿಂದ ಗುಣಿಸಿ, ಪ್ಲೇಟ್‌ಲೆಟ್‌ನಿಂದ (ಸಾವಿರದ ಲೆಕ್ಕದಲ್ಲಿ) ಭಾಗಿಸಬೇಕು. ಎಎಸ್‌ಟಿ 80, ಮಿತಿ 40, ಪ್ಲೇಟ್‌ಲೆಟ್ 1.6 ಲಕ್ಷ ಇದ್ದರೆ 2 × 100 ÷ 160 = 1.25. ವಿಶ್ವ ಆರೋಗ್ಯ ಸಂಸ್ಥೆಯ 2024ರ ಮಾರ್ಗಸೂಚಿಯಲ್ಲಿ ವಯಸ್ಕರಿಗೆ 0.5 ದಾಟಿದರೆ ಗಣನೀಯ ಫೈಬ್ರೋಸಿಸ್ (ಲಿವರ್ ಕಲೆಗಟ್ಟುವಿಕೆ), 1 ದಾಟಿದರೆ ಸಿರೋಸಿಸ್ ಶಂಕೆ. ಆಗ ಫೈಬ್ರೋಸ್ಕ್ಯಾನ್ (ಲಿವರ್ ಗಡಸುತನ ಅಳೆಯುವ ಸ್ಕ್ಯಾನ್), ಎಚ್‌ಬಿವಿ ಡಿಎನ್‌ಎ (ರಕ್ತದಲ್ಲಿ ವೈರಸ್ ಎಷ್ಟಿದೆ ಎಂಬ ಪರೀಕ್ಷೆ) ಮಾಡಿಸಿ.

ಪ್ಲೇಟ್‌ಲೆಟ್ ದಿಢೀರನೆ ಕಡಿಮೆ ಬಂದರೆ ಮೊದಲು ರಕ್ತದ ಸ್ಲೈಡನ್ನು ಸೂಕ್ಷ್ಮದರ್ಶಕದಲ್ಲಿ ನೋಡಿಸಿ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಇರುವ ಟ್ಯೂಬಿನಲ್ಲಿ ಪ್ಲೇಟ್‌ಲೆಟ್ ಕಣಗಳು ಗುಂಪುಗಟ್ಟಿದರೆ ಯಂತ್ರ ಕಡಿಮೆ ಎಣಿಸುತ್ತದೆ, ಎಪಿಆರ್‌ಐ ಸುಳ್ಳೇ ಏರುತ್ತದೆ.

ಎನ್‌ಎಲ್‌ಆರ್ ನಿಜಕ್ಕೂ ಎಚ್ಚರಿಸುವುದು ಮುಂದುವರಿದ ಸಿರೋಸಿಸ್‌ನಲ್ಲಿ. ಹೊಟ್ಟೆಯಲ್ಲಿ ನೀರು ತುಂಬಿದವರಲ್ಲಿ ಅದು ತಟ್ಟನೆ ಏರಿದರೆ, ಜ್ವರವಿಲ್ಲದಿದ್ದರೂ, ಸೋಂಕು ಇದೆಯೇ ಎಂದು ಆ ನೀರನ್ನು ಅಂದೇ ಪರೀಕ್ಷಿಸಬೇಕು.