ಗೆಳತಿಯರಿಗೆ ಆಗಸ್ಟ್, ನನ್ನ ಮಗಳಿಗೆ ಜನವರಿ

ಪ್ರಶ್ನೆ: ಅಕ್ಕಾ, ನಮಸ್ಕಾರ. ಮಗಳಿಗೆ ಅವಳು ಆಸೆಪಟ್ಟ ಯೂನಿವರ್ಸಿಟಿಯಲ್ಲೇ ಸೀಟು ಸಿಕ್ಕಿದೆ, ಆದರೆ ‘ಸ್ಪ್ರಿಂಗ್ ಅಡ್ಮಿಟ್’ ಅಂತೆ. ಹೊರರಾಜ್ಯದ ಕಾಲೇಜು. ತರಗತಿ ಶುರುವಾಗುವುದು ಜನವರಿಗೆ. ಬಯಾಲಜಿ ಓದಿ ಮುಂದೆ ಡಾಕ್ಟರಾಗಬೇಕು ಅನ್ನುತ್ತಾಳೆ. ಗೆಳತಿಯರೆಲ್ಲ ಆಗಸ್ಟಿನಲ್ಲಿ ಹೊರಡುತ್ತಾರೆ, ಇವಳು ಈಗಿನಿಂದಲೇ ರೂಮಿನ ಬಾಗಿಲು ಹಾಕಿಕೊಂಡು ಕೂತಿದ್ದಾಳೆ. ಇಲ್ಲೇ ಕಮ್ಯೂನಿಟಿ ಕಾಲೇಜಿನಲ್ಲಿ (ಕಡಿಮೆ ಫೀಸಿನ ಎರಡು ವರ್ಷದ ಸ್ಥಳೀಯ ಕಾಲೇಜು) ಐದು ಕೋರ್ಸ್ ಮುಗಿಸಿಬಿಡಲಿ, ದುಡ್ಡೂ ಉಳಿಯುತ್ತದೆ ಅನ್ನುತ್ತಾರೆ ನಮ್ಮವರು. ಇವಳು ಕೆಲಸಕ್ಕೆ ಹೋಗುತ್ತೇನೆ ಅನ್ನುತ್ತಾಳೆ. ನಾಲ್ಕೈದು ತಿಂಗಳು ಸುಮ್ಮನೆ ಹಾಳಾಗುತ್ತದಲ್ಲ ಎಂದು ನನಗೆ ನಿದ್ದೆಯಿಲ್ಲ.
— ಒಬ್ಬ ತಾಯಿ, ನ್ಯೂಜೆರ್ಸಿ

ಉತ್ತರ: ನಿಮ್ಮ ಪತ್ರ ಓದುತ್ತಿದ್ದಂತೆ ನಮ್ಮ ಮೆಟ್ಟಿಲ ಕೆಳಗೆ ಬಿದ್ದಿದ್ದ ಒಂದು ರಟ್ಟಿನ ಡಬ್ಬ ಕಣ್ಣಿಗೆ ಬಂತು. ಒಳಗೆ ಟ್ವಿನ್ ಎಕ್ಸ್‌ಎಲ್ ಬೆಡ್‌ಶೀಟು. ಡಾರ್ಮಿನ, ಅಂದರೆ ಕಾಲೇಜು ಹಾಸ್ಟೆಲಿನ, ಹಾಸಿಗೆ 80 ಇಂಚು ಉದ್ದ, ಆ ಶೀಟು ಮನೆಯ ಯಾವ ಮಂಚಕ್ಕೂ ಸರಿಹೋಗುವುದಿಲ್ಲ. ಮಗನ ಸೀಟು ಜನವರಿಗೆ ಎಂದು ಗೊತ್ತಿದ್ದೂ ಜುಲೈ ಸೇಲಿನಲ್ಲಿ ಕೈ ತಡೆಯದೆ ತಂದಿದ್ದೆ. ಐದು ತಿಂಗಳು ಅವನು ಆ ಡಬ್ಬವನ್ನು ದಾಟಿಕೊಂಡೇ ಓಡಾಡಿದ.

ಮೊದಲ ಮಾತು, ಇದು ಅರ್ಧ ಸೀಟಲ್ಲ. ಡಿಸೆಂಬರಿಗೆ ಕೆಲವರು ಪದವಿ ಮುಗಿಸುತ್ತಾರೆ, ಕೆಲವರು ವಿದೇಶದ ಸೆಮಿಸ್ಟರಿಗೆ ಹೋಗುತ್ತಾರೆ, ಕೆಲವರು ಬಿಟ್ಟೇ ಹೋಗುತ್ತಾರೆ. ಖಾಲಿಯಾದ ಮಂಚ, ಬೆಂಚು ತುಂಬಲು ಜನವರಿಯ ತಂಡ. ವರ್ಮಾಂಟಿನ ಮಿಡಲ್‌ಬರಿ ಕಾಲೇಜಿನಲ್ಲಿ ಫೆಬ್ರವರಿಗೆ ಸೇರುವವರಿಗೆ ‘ಫೆಬ್ಸ್’ ಎಂಬ ಹೆಸರೇ ಇದೆ. ಅವರು ಪದವಿ ಮುಗಿಸುವುದೂ ಫೆಬ್ರವರಿಯಲ್ಲೇ, ಗೌನು ತೊಟ್ಟು ಸ್ಕೀ ಮೇಲೆ ಗುಡ್ಡ ಇಳಿಯುತ್ತಾರೆ. ನಿಮ್ಮ ಕಾಲೇಜಿಗೂ ಫೋನು ಮಾಡಿ ಎರಡು ಪ್ರಶ್ನೆ ಕೇಳಿ: ಜನವರಿಗೆ ಎಷ್ಟು ಜನ ಬರುತ್ತಾರೆ? ಅವರಿಗೇ ಬೇರೆ ಓರಿಯೆಂಟೇಶನ್ ಉಂಟೇ? ಮೇರಿಲ್ಯಾಂಡ್ ಯೂನಿವರ್ಸಿಟಿ ಮಾಡಿದಂತೆ ಕೆಲವು ಕಡೆ ಸ್ಪ್ರಿಂಗ್ ಮಕ್ಕಳಿಗೆಂದೇ ಫಾಲ್ (ಆಗಸ್ಟ್‌ನಿಂದ ಡಿಸೆಂಬರ್) ತರಗತಿಗಳೂ ಇರುತ್ತವೆ. ನಿಮ್ಮಲ್ಲೂ ಇದ್ದರೆ ಮೊದಲು ಅದನ್ನು ನೋಡಿ.

ಇನ್ನು ಯಜಮಾನರ ಐದು ಕೋರ್ಸು. ಇಲ್ಲಿ ನಾನು ಅವರ ಪಕ್ಷವಲ್ಲ, ಹಾಗೆಂದು ಪೂರ್ತಿ ವಿರುದ್ಧವೂ ಅಲ್ಲ. ಫಾಲ್‌ನ ಯೋಜನೆಯನ್ನು ಆಗಸ್ಟಿನಿಂದ ಮುಂದಕ್ಕೆ ಮಾಡಬೇಡಿ, ಜನವರಿಯಿಂದ ಹಿಂದಕ್ಕೆ ಮಾಡಿ. ಬಯಾಲಜಿ ಮಕ್ಕಳು ಫಾಲ್‌ನಲ್ಲಿ ಜನರಲ್ ಕೆಮಿಸ್ಟ್ರಿ 1 ತೆಗೆದುಕೊಳ್ಳುತ್ತಾರೆ, ಸ್ಪ್ರಿಂಗ್‌ನಲ್ಲಿ 2. ಕೆಮಿಸ್ಟ್ರಿ 1 ಇಲ್ಲದೆ ಜನವರಿಗೆ ಹೋದವಳಿಗೆ 2ರ ಬಾಗಿಲು ತೆರೆಯದು. ಸ್ಪ್ರಿಂಗ್‌ನಲ್ಲಿ 1 ಅನ್ನು ನಡೆಸದ ಕಾಲೇಜಾದರೆ ಮುಂದಿನ ಫಾಲ್‌ವರೆಗೆ ಕಾಯಬೇಕು, ಅದರ ನಂತರ ಬರುವ ಆರ್ಗ್ಯಾನಿಕ್ ಕೆಮಿಸ್ಟ್ರಿಯೂ ಒಂದು ವರ್ಷ ಮುಂದಕ್ಕೆ ಸರಿಯುತ್ತದೆ. ಹಾಗಾಗಿ ನಾಲ್ಕು ವರ್ಷದ ಕೋರ್ಸ್ ಪಟ್ಟಿ ಮುಂದಿಟ್ಟುಕೊಂಡು, ಜನವರಿಯಲ್ಲಿ ಏನು ಬೇಕು, ಅದಕ್ಕೆ ಮುಂಚೆ ಏನು ಮುಗಿದಿರಬೇಕು ಎಂದು ಗುರುತು ಹಾಕಿ. ಅವಳ ವಿಷಯದಲ್ಲಿ ಬಹುಶಃ ಎರಡೇ: ಲ್ಯಾಬ್ ಸಮೇತ ಕೆಮಿಸ್ಟ್ರಿ, ಮತ್ತು ಗಣಿತವೋ ಇಂಗ್ಲಿಷ್ ಕಾಂಪೊಸಿಷನ್ನೋ.

ಸೇರುವ ಮೊದಲೇ ಕೋರ್ಸ್ ನಂಬರು, ಸಿಲಬಸ್ ಎರಡನ್ನೂ ಯೂನಿವರ್ಸಿಟಿಗೆ ಈಮೇಲ್ ಮಾಡಿ, ಯಾವ ಕೋರ್ಸಿಗೆ ಸಮ ಎಂದು ಬರಹದಲ್ಲಿ ತರಿಸಿಕೊಳ್ಳಿ. ‘ಸಾಮಾನ್ಯವಾಗಿ ಒಪ್ಪುತ್ತಾರೆ’ ಅನ್ನುವ ಫೋನಿನ ಮಾತು ನಂಬಿ ನಮ್ಮ ಹುಡುಗ ಸ್ಟ್ಯಾಟಿಸ್ಟಿಕ್ಸ್ ಮುಗಿಸಿದ, ಎ ಗ್ರೇಡ್ ಬೇರೆ. ಜನವರಿಯಲ್ಲಿ ಯೂನಿವರ್ಸಿಟಿಯವರು, ನಿಮ್ಮದರಲ್ಲಿ ಕ್ಯಾಲ್ಕುಲಸ್ ಇಲ್ಲ, ನಮ್ಮದರಲ್ಲಿ ಇದೆ ಎಂದರು. ಕ್ರೆಡಿಟ್ ಎಲೆಕ್ಟಿವ್ (ಐಚ್ಛಿಕ ವಿಷಯದ) ಲೆಕ್ಕಕ್ಕೆ ಹೋಯಿತು, ಅದೇ ವಿಷಯವನ್ನು ಮತ್ತೆ ಓದಿದ. ಆ ವಾರ ಅವನ ಮುಖ ನೋಡುವ ಹಾಗಿರಲಿಲ್ಲ.

ಸೀಟಿನ ಪತ್ರದ ಸಣ್ಣ ಅಕ್ಷರವನ್ನೂ ಓದಿ. ಫಾಲ್‌ನಲ್ಲಿ ಬೇರೆಡೆ ಇಷ್ಟಕ್ಕಿಂತ ಹೆಚ್ಚು ಕ್ರೆಡಿಟ್ ಮಾಡಕೂಡದು ಎಂದು ಕೆಲವು ಕಾಲೇಜುಗಳು ಮಿತಿ ಹಾಕುತ್ತವೆ. ದಾಟಿದರೆ ಹೊಸ ವಿದ್ಯಾರ್ಥಿ ಹೋಗಿ ‘ಟ್ರಾನ್ಸ್‌ಫರ್’ (ಬೇರೆ ಕಾಲೇಜಿನಿಂದ ಬಂದವಳು) ಆಗಿಬಿಡುವ, ಮೊದಲ ವರ್ಷದವರ ಸ್ಕಾಲರ್‌ಶಿಪ್ ಕೈತಪ್ಪುವ ಅಪಾಯವಿದೆ. ಐದು ಕೋರ್ಸಿಗೆ ನಾನು ಬೇಡ ಎನ್ನುವುದು ಇದಕ್ಕೆ. ಜೊತೆಗೆ, ಮೆಡಿಕಲ್ ಸ್ಕೂಲಿಗೆ ಅರ್ಜಿ ಹಾಕುವಾಗ ಕಮ್ಯೂನಿಟಿ ಕಾಲೇಜಿನ ಗ್ರೇಡೂ ಲೆಕ್ಕಕ್ಕೆ ಬರುತ್ತದೆ. ಐದರಲ್ಲಿ ತೇಲಿ ಮುಳುಗುವುದಕ್ಕಿಂತ ಎರಡರಲ್ಲಿ ಗಟ್ಟಿಯಾಗಿ ನಿಲ್ಲಲಿ.

ಒಂದು ತೊಡಕು ನವೆಂಬರಿನಲ್ಲಿ ಬರುತ್ತದೆ, ಯಾರೂ ಮುಂಚೆ ಹೇಳುವುದಿಲ್ಲ. ಸ್ಪ್ರಿಂಗ್ ಕೋರ್ಸುಗಳ ರಿಜಿಸ್ಟ್ರೇಶನ್ ಸಾಮಾನ್ಯವಾಗಿ ಆಗಲೇ ನಡೆಯುತ್ತದೆ, ನಿಮ್ಮ ಮಗಳ ಕೆಮಿಸ್ಟ್ರಿ ಗ್ರೇಡ್ ಬರುವುದು ಡಿಸೆಂಬರ್ ಕೊನೆಗೆ. ಕಂಪ್ಯೂಟರು ಕೆಮಿಸ್ಟ್ರಿ 2 ಕೊಡಲ್ಲ ಅನ್ನುತ್ತದೆ. ಯೂನಿವರ್ಸಿಟಿಯ ಅಡ್ವೈಸರಿಗೆ ಅಕ್ಟೋಬರಿನಲ್ಲೇ ಬರೆದು, ಈಗ ಓದುತ್ತಿರುವುದರ ದಾಖಲೆ ತೋರಿಸಿ ಅನುಮತಿ ಪಡೆಯಬೇಕು. ಈ ಈಮೇಲ್ ಅವಳೇ ಬರೆಯಲಿ, ನೀವಲ್ಲ.

ಕೆಲಸಕ್ಕೆ ಹೋಗಲಿ ಬಿಡಿ! ನಮ್ಮವನು ದಿನಸಿ ಅಂಗಡಿಯಲ್ಲಿ ಬೆಳಗಿನ ಐದಕ್ಕೆ ಹಾಲಿನ ಕ್ರೇಟು ಜೋಡಿಸಿದ. ಮೊದಲ ಸಂಬಳದ ಚೀಟಿ ಹಿಡಿದುಕೊಂಡು ‘ಅಮ್ಮಾ, ಈ ಎಫ್‌ಐಸಿಎ ಯಾರು, ನನ್ನ ದುಡ್ಡು ಯಾಕೆ ತಗೊಂಡ?’ ಎಂದು ಕೇಳಿದ್ದು ಇವತ್ತಿಗೂ ನಮ್ಮ ಮನೆಯ ನಗೆ. ಅದು ಸಂಬಳದಲ್ಲೇ ಹಿಡಿದುಕೊಳ್ಳುವ ಒಂದು ತೆರಿಗೆಯ ಹೆಸರು. ನಿಮ್ಮ ಮಗಳು ಇಲ್ಲಿಯ ಸಿಟಿಜನ್ ಅಥವಾ ಗ್ರೀನ್ ಕಾರ್ಡಿನವಳು ಎಂದುಕೊಂಡು ಹೇಳುತ್ತಿದ್ದೇನೆ. ಎಚ್-4 ವೀಸಾದ (ಅಪ್ಪ ಅಥವಾ ಅಮ್ಮನ ಕೆಲಸದ ವೀಸಾವನ್ನು ಅವಲಂಬಿಸಿದ) ಮಕ್ಕಳು ಕೆಲಸ ಮಾಡುವಂತಿಲ್ಲ, ಅಂಥ ಮನೆಯವರು ಇದನ್ನು ಮರೆಯಬಾರದು. ಅವರು ಕಮ್ಯೂನಿಟಿ ಕಾಲೇಜಿನಲ್ಲಿ ಓದಬಹುದು.

ಕಾಗದಪತ್ರ ಬೇಗ ಹೇಳಿ ಮುಗಿಸುತ್ತೇನೆ. ಫಾಫ್ಸಾ, ಅಂದರೆ ಸರ್ಕಾರದ ಶಿಕ್ಷಣ ನೆರವಿನ ಅರ್ಜಿ, ತುಂಬುವಾಗ ಎಷ್ಟೋ ಜನ ಎಡವುತ್ತಾರೆ: 2027ರ ಜನವರಿಗೆ ಸೇರುವವಳಿಗೂ 2026-27ರ ಫಾರಮ್ಮೇ ಬೇಕು, ಹೊಸ ವರ್ಷ ಎಂದುಕೊಂಡು 2027-28ರದು ತುಂಬಿ ಕೂರಬೇಡಿ. ಆರೋಗ್ಯ ವಿಮೆಗೆ ಚಿಂತೆಯಿಲ್ಲ, ನಿಮ್ಮ ಪ್ಲಾನ್ ಮಕ್ಕಳನ್ನು ಒಳಗೊಳ್ಳುವುದಾದರೆ ಓದಲಿ ಬಿಡಲಿ 26 ತುಂಬುವವರೆಗೆ ಅದರಲ್ಲೇ ಇರಬಹುದು. ಡಾರ್ಮಿನವರು ಮೆನಿಂಜೈಟಿಸ್ ಲಸಿಕೆಯ ದಾಖಲೆ ಕೇಳಬಹುದು, ಫಾಲ್‌ನಲ್ಲೇ ಡಾಕ್ಟರ ಹತ್ತಿರ ಹೋಗಿ ಬನ್ನಿ. ಹೌಸಿಂಗ್ ಅರ್ಜಿಯ ಕೊನೆಯ ದಿನವನ್ನು ಫ್ರಿಜ್ಜಿನ ಮೇಲೆ ಬರೆದಿಡಿ.

ಮನಸ್ಸಿನ ವಿಷಯಕ್ಕೆ ಬಂದರೆ, ಆಗಸ್ಟ್ ಕೊನೆಯಿಂದ ಅಕ್ಟೋಬರ್ ನಡುವಿನವರೆಗೆ ಕಷ್ಟ. ಫೋನಿನ ತುಂಬ ಗೆಳತಿಯರ ಡಾರ್ಮ್ ಫೋಟೋ. ಆ ದಿನಗಳಲ್ಲಿ ವಾರಕ್ಕೆ ನಾಲ್ಕು ದಿನವಾದರೂ ಬೆಳಿಗ್ಗೆ ಎಂಟಕ್ಕೆ ಮನೆ ಬಿಡಲೇಬೇಕಾದ ಒಂದು ಕಾರಣ ಇರಲಿ, ಲ್ಯಾಬೋ ಅಂಗಡಿಯೋ. ನೆಂಟರು ಕೇಳಿದರೆ ‘ಜನವರಿಗೆ ಹೋಗ್ತಾಳೆ’ ಅನ್ನಿ, ಮುಂದೆ ವಿವರಣೆ ಬೇಡ. ನೀವು ನಾಲ್ಕು ವಾಕ್ಯ ವಿವರಿಸುವುದು ಪಕ್ಕದ ಕೋಣೆಯಲ್ಲಿರುವ ಅವಳ ಕಿವಿಗೆ ಬೀಳುತ್ತದೆ. ನಾನು ಹಾಗೆ ವಿವರಿಸಿ ವಿವರಿಸಿಯೇ ಮಗನ ಹತ್ತಿರ ಬೈಸಿಕೊಂಡವಳು. ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ರಜೆಗೆ ಮನೆಗೆ ಬಂದ ಅವನ ಗೆಳೆಯರಲ್ಲಿ ಒಬ್ಬ, ರೂಮ್‌ಮೇಟ್ ಸರಿಯಿಲ್ಲ ಎಂದು ನಮ್ಮ ಸೋಫಾದ ಮೇಲೆ ಎರಡು ಗಂಟೆ ಅತ್ತುಕೊಂಡ. ಅಲ್ಲಿಂದ ಮುಂದೆ ನಮ್ಮವನ ಅಸೂಯೆ ಅರ್ಧ ಇಳಿಯಿತು.

ಬೆಡ್‌ಶೀಟು ಮಾತ್ರ ಡಿಸೆಂಬರಿಗೆ ತನ್ನಿ. ಹಾಗೇ, ಆಗಸ್ಟಿನಲ್ಲಿ ಸಾಮಾನು ಹೊರಲು ಟೀ-ಶರ್ಟ್ ತೊಟ್ಟ ಹುಡುಗರ ದಂಡೇ ಬಾಗಿಲಲ್ಲಿ ನಿಂತಿರುತ್ತದೆ, ಜನವರಿಯಲ್ಲಿ ಅದನ್ನು ನಿರೀಕ್ಷಿಸಬೇಡಿ. ಹಿಮ ಬೀಳುತ್ತಿತ್ತು, ಲಿಫ್ಟ್ ಇರಲಿಲ್ಲ, ಮೂರನೇ ಮಹಡಿಗೆ ಆ ಡಬ್ಬ ಹೊತ್ತವರು ನಾನು ಮತ್ತು ನನ್ನ ಗಂಡ. ಯಜಮಾನರಿಗೆ ಒಳ್ಳೆಯ ಬೂಟು ಹಾಕಿಕೊಳ್ಳಲು ಹೇಳಿ.