ಪ್ರದರ್ಶನದಲ್ಲಿ 1950ರ ಕಪ್ಪು-ಬಿಳುಪು ಫೋಟೋ ಗಟ್ಟಿಯಾಗಿದೆ, ಅದೇ ಫೋಟೋಗ್ರಾಫರ್ 1970ರ ದಶಕದಲ್ಲಿ ತೆಗೆದ ಕಲರ್ ಫೋಟೋ ಕೆಂಪಗಾಗಿದೆ. ಯಾಕೆ?

ಒಂದು ಬೆಳ್ಳಿ, ಇನ್ನೊಂದು ಬರೀ ಬಣ್ಣ, ಅದಕ್ಕೆ. ಹಳೇ ಪ್ರಿಂಟಿನಲ್ಲಿ ಕಪ್ಪಾಗಿ ಕಾಣುವುದು ನಿಜವಾದ ಬೆಳ್ಳಿಯ ಸಣ್ಣ ಕಣಗಳು. ಪ್ರಿಂಟನ್ನು ಚೆನ್ನಾಗಿ ತೊಳೆದಿದ್ದರೆ ಅದು ಬೆಳಕಿಗೆಲ್ಲ ಸುಮ್ನೆ ಜಗ್ಗುವುದಿಲ್ಲ. ಕಲರ್ ಪ್ರಿಂಟನ್ನು ರಾಸಾಯನಿಕಗಳಲ್ಲಿ ತೊಳೆಯುವಾಗ ಬೆಳ್ಳಿ ಹೊರಟುಹೋಗಿ ಹಳದಿ, ಗುಲಾಬಿಗೆಂಪು, ನೀಲಿ ಡೈಗಳ ಮೂರು ಪದರ ಮಾತ್ರ ಉಳಿಯುತ್ತದೆ, ಮತ್ತು ಈ ಮೂರೂ ಒಂದೇ ವೇಗದಲ್ಲಿ ಮಾಸುವುದಿಲ್ಲ. ಆ ಕಾಲದ ಎಷ್ಟೋ ಪ್ರಿಂಟುಗಳಲ್ಲಿ, ಆಲ್ಬಮ್ಮಿನ ಕತ್ತಲಲ್ಲಿಟ್ಟರೂ, ನೀಲಿಯೇ ಮೊದಲು ಹೋಗುತ್ತಿತ್ತು; ಉಳಿದ ಹಳದಿ, ಗುಲಾಬಿಗೆಂಪು ಸೇರಿ ಕೆಂಪು ಕಾಣುತ್ತದೆ. ನಿಮ್ಮ ಮನೆಯ ಮದುವೆ ಆಲ್ಬಮ್ಮಿನಲ್ಲೂ ಎಲ್ಲರ ಮುಖ ಕೆಂಪಲ್ವಾ? ಸೆಕೆ, ತೇವ ಇದ್ದರೆ ಇನ್ನೂ ಜಾಸ್ತಿ.

ಹಾಗಂತ ನಮ್ಮ ತೀರ್ಥಹಳ್ಳಿ, ಆಗುಂಬೆ ಕಡೆಯ ಮಳೆಗಾಲದಲ್ಲಿ ಕಪ್ಪು-ಬಿಳುಪೂ ಬಚಾವಲ್ಲ. ಬೆಳ್ಳಿಯನ್ನು ಹಿಡಿದಿಡುವ ಜೆಲಟಿನ್, ಅಂದರೆ ಪ್ರಾಣಿಗಳ ಮೂಳೆ-ಚರ್ಮದ ಅಂಟು, ಬೂಷ್ಟಿಗೆ ಹಬ್ಬದೂಟ.